ಐಟಿಪಿ: ಸ್ಟೆರಾಯ್ಡ್ ಆದ ಮೇಲೆ ಯಾವ ಔಷಧ?

"ಡಾಕ್ಟರು ಮೂರು ಔಷಧದ ಹೆಸರು ಬರೆದುಕೊಟ್ಟಿದ್ದಾರೆ. ಮನೆಯಲ್ಲಿ ಮಾತಾಡಿಕೊಂಡು ಬನ್ನಿ ಅಂದಿದ್ದಾರೆ. ಏನಂತ ಮಾತಾಡೋದು?"

ಈ ಪ್ರಶ್ನೆ ನನಗೆ ತಿಂಗಳಿಗೆ ಒಂದೆರಡು ಸಲವಾದರೂ ಬರುತ್ತದೆ. ಕೇಳುವವರೆಲ್ಲ ಐಟಿಪಿ, ಅಂದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕಡಿಮೆಯಾಗುವ ಕಾಯಿಲೆ, ಇರುವವರು. ಹೆಚ್ಚುಕಮ್ಮಿ ಒಂದೇ ದಾರಿಯಲ್ಲಿ ಬಂದವರು. ಮೊದಲು ತೊಡೆಯ ಮೇಲೆ ಏಟು ಬೀಳದೆಯೇ ನೀಲಿ ಕಲೆ. ಕಾಲಿನ ಮೇಲೆ ರಾಗಿ ಕಾಳಿನಷ್ಟು ಕೆಂಪು ಚುಕ್ಕಿ. ರಕ್ತ ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ 12,000. ಆಮೇಲೆ ಸ್ಟೆರಾಯ್ಡ್. ಮಾತ್ರೆ ಹೆಚ್ಚಿದ್ದಾಗ ಕೌಂಟ್ ಏರುತ್ತದೆ, ಇಳಿಸಿದ ಕೂಡಲೇ ಕೌಂಟೂ ಇಳಿಯುತ್ತದೆ. ಹೀಗೆ ನಾಲ್ಕೈದು ತಿಂಗಳು ಕಳೆದ ಮೇಲೆ ಡಾಕ್ಟರು ಹೇಳುತ್ತಾರೆ, "ಇನ್ನು ಬೇರೆ ಔಷಧ ನೋಡೋಣ" ಅಂತ.

ನಾನು ಡಾಕ್ಟರ್ ಅಲ್ಲ. ಐಟಿಪಿ ನನ್ನ ಜೊತೆ ಇದ್ದು 9 ವರ್ಷ ಆಯಿತು. ಈ ಬರಹ ಓದಿ ಯಾರೂ ತಾವಾಗಿಯೇ ಔಷಧ ಶುರು ಮಾಡಬೇಡಿ, ನಿಲ್ಲಿಸಲೂ ಬೇಡಿ. ಆ ಚೀಟಿ ಹಿಡಿದುಕೊಂಡು ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು, ಯಾವುದನ್ನು ಯಾವುದಕ್ಕೆ ತೂಗಿ ನೋಡಬೇಕು ಅನ್ನುವುದಷ್ಟನ್ನು ಹೇಳುತ್ತೇನೆ.

ಮೊದಲ ಪ್ರಶ್ನೆ: ಔಷಧ ಬೇಕೇ ಬೇಕಾ?

ಐಟಿಪಿ ಅಂದರೆ ನಮ್ಮದೇ ರೋಗನಿರೋಧಕ ಶಕ್ತಿ ನಮ್ಮ ಪ್ಲೇಟ್‌ಲೆಟ್‌ಗಳನ್ನು ಶತ್ರು ಅಂತ ತಪ್ಪು ತಿಳಿದು ನಾಶ ಮಾಡುವುದು. ಅವು ಹೆಚ್ಚಾಗಿ ನಾಶವಾಗುವ ಜಾಗ ಗುಲ್ಮ (ಸ್ಪ್ಲೀನ್). ಆರೋಗ್ಯವಂತರಲ್ಲಿ ಕೌಂಟ್ 1.5 ಲಕ್ಷದಿಂದ 4.5 ಲಕ್ಷ ಇರುತ್ತದೆ. ನಮಗೆ ಆ ಸಂಖ್ಯೆಯೇ ಬೇಕು ಅಂತಿಲ್ಲ. ರಕ್ತಸ್ರಾವ ಇಲ್ಲದೆ 30,000ದಿಂದ 50,000ದ ಮೇಲೆ ನಿಂತರೆ ದಿನನಿತ್ಯದ ಬದುಕು ನಡೆಯುತ್ತದೆ. ಕೌಂಟ್ 40,000 ಇದ್ದು, ವಸಡಿನಲ್ಲಿ ರಕ್ತ ಇಲ್ಲ, ಮುಟ್ಟಿನಲ್ಲಿ ಜಾಸ್ತಿ ಸ್ರಾವ ಇಲ್ಲ ಅಂದರೆ "ಸುಮ್ನೆ ನೋಡುತ್ತಾ ಇರೋಣ" ಅನ್ನುವುದೂ ಒಂದು ಚಿಕಿತ್ಸೆಯೇ. ಮನೆಯವರಿಗೆ ಇದನ್ನು ಒಪ್ಪಿಸುವುದು ಕಷ್ಟ, ಗೊತ್ತು. ಏನೂ ಕೊಡದೆ ಕಳಿಸಿದ ಡಾಕ್ಟರ ಮೇಲೆ ಸಿಟ್ಟು ಬರುತ್ತದೆ. ಆದರೂ 1 ಲಕ್ಷ ಮುಟ್ಟಿಸಲೇಬೇಕು ಅಂತ ದೇಹಕ್ಕೆ ಔಷಧದ ಭಾರ ಹೊರಿಸಬೇಡಿ.

ಇನ್ನೊಂದು ಮಾತು. ರಕ್ತ ತೆಗೆದು ಹಾಕುವ ನೇರಳೆ ಮುಚ್ಚಳದ ಟ್ಯೂಬ್ ನೋಡಿದ್ದೀರಲ್ಲ? ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ಒಂದು ರಾಸಾಯನಿಕ ಇರುತ್ತದೆ. ಕೆಲವರ ಪ್ಲೇಟ್‌ಲೆಟ್‌ಗಳು ಅದರಲ್ಲಿ ಗುಂಪುಗಟ್ಟಿಕೊಳ್ಳುತ್ತವೆ. ಯಂತ್ರ ಗುಂಪನ್ನು ಬಿಡಿಬಿಡಿಯಾಗಿ ಎಣಿಸುವುದಿಲ್ಲ, ಕೌಂಟ್ ಸುಳ್ಳಾಗಿ ಕಡಿಮೆ ತೋರಿಸುತ್ತದೆ. ಆಸ್ಪತ್ರೆಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದ ಒಬ್ಬರಿಗೆ ಹೀಗೆಯೇ ಆಗಿತ್ತು. ಯಾವುದೋ ಲ್ಯಾಬಿನ ವರದಿ ನಂಬಿ ಎರಡು ತಿಂಗಳು ಸ್ಟೆರಾಯ್ಡ್ ನುಂಗಿದ್ದರು. ಗಾಜಿನ ಸ್ಲೈಡ್ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿದಾಗ ನಿಜ ಗೊತ್ತಾಯಿತು. ಈ ಸ್ಲೈಡ್, ಅಂದರೆ ಸ್ಮಿಯರ್, ನೋಡಿದ್ದಾರಾ ಅಂತ ಕೇಳಿ. ದೊಡ್ಡ ಔಷಧಕ್ಕೆ ಹೋಗುವ ಮುಂಚೆ ಈ ಒಂದು ಪ್ರಶ್ನೆ ಕೇಳಲೇಬೇಕು.

ಯಾವ ತಕ್ಕಡಿಯಲ್ಲಿ ತೂಗಬೇಕು

ನಾನು ಐದು ವಿಷಯ ನೋಡುತ್ತೇನೆ. ಎಷ್ಟು ದಿನಕ್ಕೆ ಕೆಲಸ ಶುರು ಮಾಡುತ್ತದೆ. ನಿಲ್ಲಿಸಿದ ಮೇಲೆ ಕೌಂಟ್ ನಿಲ್ಲುತ್ತದಾ, ಇಲ್ಲಾ ದಿನಾ ನುಂಗುತ್ತಲೇ ಇರಬೇಕಾ. ಮಗು ಆಗುವ ಯೋಚನೆ ಇದ್ದರೆ ಅದಕ್ಕೆ ಅಡ್ಡ ಬರುತ್ತದಾ. ಸೋಂಕಿನ ಭಯ ಎಷ್ಟು. ಐದನೆಯದು ದುಡ್ಡು. ಮಾತ್ರೆಯ ಬೆಲೆಯ ಜೊತೆ ಲ್ಯಾಬಿನ ಬೆಲೆ, ಬಸ್ಸಿನ ಟಿಕೆಟ್, ರಜೆ ಹಾಕಿದ ದಿನದ ಸಂಬಳ ಎಲ್ಲ ಸೇರಿಸಿ ಲೆಕ್ಕ ಹಾಕಬೇಕು. ಅಗ್ಗದ ಮಾತ್ರೆಗೆ ವಾರ ವಾರ ರಕ್ತ ಪರೀಕ್ಷೆ ಬೇಕಾದರೆ ಅದು ಅಗ್ಗವಾಗಿ ಉಳಿಯುವುದಿಲ್ಲ.

ಆಮೇಲೆ ಒಂದು ಪರೀಕ್ಷೆಯ ಪಟ್ಟಿ. ರೋಗನಿರೋಧಕ ಶಕ್ತಿ ತಗ್ಗಿಸುವ ಯಾವ ಔಷಧ ಶುರು ಮಾಡುವುದಕ್ಕೂ ಮುಂಚೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ನೋಡಿರಬೇಕು. ನಮ್ಮ ದೇಶದಲ್ಲಿ ಟಿಬಿಯನ್ನೂ ಮರೆಯುವ ಹಾಗಿಲ್ಲ. ಹಳೆ ಟಿಬಿ ಇದ್ದವರು, ಮನೆಯಲ್ಲಿ ಟಿಬಿ ಇದ್ದವರು ತಾವಾಗಿಯೇ ಹೇಳಿ. ಬೇಕಾದ ಲಸಿಕೆ ಹಾಕಿಸಿಕೊಳ್ಳುವುದಿದ್ದರೆ ಔಷಧಕ್ಕಿಂತ ಮುಂಚೆಯೇ ಆಗಲಿ. ಶುರುವಾದ ಮೇಲೆ ಜೀವಂತ ಲಸಿಕೆಗಳು ಬೇಡ, ಉಳಿದ ಲಸಿಕೆಗಳೂ ಸರಿಯಾಗಿ ಹತ್ತದೇ ಹೋಗಬಹುದು. ಹೊಟ್ಟೆಯಲ್ಲಿ ಎಚ್. ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಇದೆಯಾ ಅಂತಲೂ ನೋಡಿಸಿ. ಅದನ್ನು ತೆಗೆದರೆ ಕೆಲವರಿಗೆ ಕೌಂಟ್ ತಾನಾಗಿ ಏರುತ್ತದೆ.

ಸ್ಟೆರಾಯ್ಡನ್ನೇ ಮುಂದುವರಿಸಿದರೆ?

ಇದು ಚೀಟಿಯಲ್ಲಿ ಬರೆಯದ ಆಯ್ಕೆ. ಆದರೆ ಹೆಚ್ಚಿನವರು ಗೊತ್ತಿಲ್ಲದೆ ಆರಿಸಿಕೊಳ್ಳುವುದು ಇದನ್ನೇ. "10 ಮಿಲಿಗ್ರಾಂ ತಾನೇ, ಇರಲಿ ಬಿಡಿ" ಅಂತ ವರ್ಷಗಟ್ಟಲೆ ನಡೆಯುತ್ತದೆ. ನಾನು 11 ತಿಂಗಳು ತಗೊಂಡೆ. ಆಗ ನೋಡುತ್ತಿದ್ದ ಕ್ಲಿನಿಕ್ಕಿನಲ್ಲಿ ಯಾರೂ ನಿಲ್ಲಿಸುವ ಮಾತೆತ್ತಲಿಲ್ಲ, ನನಗೂ ಕೇಳಬೇಕು ಅಂತ ಗೊತ್ತಿರಲಿಲ್ಲ. ತಂಗಿಯ ಮದುವೆ ಫೋಟೋದಲ್ಲಿ ನನ್ನ ಮುಖ ಇಡ್ಲಿಯ ಹಾಗೆ ಉಬ್ಬಿದೆ. ಮುಖ ವಾಪಸ್ ಬಂತು. ಆದರೆ ಮೂಳೆಯ ಸಾಂದ್ರತೆ ಇಳಿದದ್ದು, ಸಕ್ಕರೆ ಗಡಿಗೆ ಬಂದು ನಿಂತದ್ದು ಈಗಲೂ ಹಾಗೇ ಇದೆ. ಅಮೆರಿಕದ ರಕ್ತರೋಗ ತಜ್ಞರ ಸಂಘ 2019ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಹೊಸದಾಗಿ ಐಟಿಪಿ ಬಂದ ದೊಡ್ಡವರಿಗೆ ಪ್ರೆಡ್ನಿಸೋಲೋನ್ ಥರದ ಸ್ಟೆರಾಯ್ಡ್ 6 ವಾರ ಮೀರದಿರಲಿ ಅಂತ ಇದೆ. ನನ್ನ ಅಭಿಪ್ರಾಯದಲ್ಲಿ ಕೆಳಗಿನ ಪಟ್ಟಿಯಲ್ಲಿ ಯಾವುದೂ ವರ್ಷಗಟ್ಟಲೆ ಸ್ಟೆರಾಯ್ಡ್‌ಗಿಂತ ಕೆಟ್ಟದ್ದಲ್ಲ. ಹಾಗಂತ ಒಂದೇ ದಿನ ಥಟ್ಟನೆ ನಿಲ್ಲಿಸಬೇಡಿ. ಹಂತ ಹಂತವಾಗಿ ಇಳಿಸಬೇಕು. ಹೊಸ ಔಷಧ ಹತ್ತುವ ತನಕ ಸ್ವಲ್ಪ ಸ್ಟೆರಾಯ್ಡ್ ಜೊತೆಗಿರುವುದೂ ಸಾಮಾನ್ಯ.

ಅಜಥಯೋಪ್ರಿನ್: ತಾಳ್ಮೆ ಇದ್ದವರಿಗೆ

ನನಗೆ ಹತ್ತಿದ್ದು ಇದು. ಹಳೆಯ ಔಷಧ. ಕಿಡ್ನಿ ಕಸಿ ಮಾಡಿಸಿಕೊಂಡವರು ದಶಕಗಳಿಂದ ನುಂಗುತ್ತಿದ್ದಾರೆ. ಇದರ ಹಿಂದಿನ ಕೆಲಸಕ್ಕೂ ಸೇರಿ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರಿಗೆ 1988ರಲ್ಲಿ ನೊಬೆಲ್ ಬಂತು. 50 ಮಿಲಿಗ್ರಾಂ ಮಾತ್ರೆ, ತೂಕದ ಮೇಲೆ ದಿನಕ್ಕೆ ಒಂದರಿಂದ ಮೂರು. ತಿಂಗಳಿಗೆ ಕೆಲವು ನೂರು ರೂಪಾಯಿ. ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ, ಇನ್ನೂ ಕಡಿಮೆಗೆ ಸಿಗಬಹುದು.

ಇದರ ದೊಡ್ಡ ಕೊರತೆ ನಿಧಾನ. 3ರಿಂದ 6 ತಿಂಗಳು ಬೇಕು. ನಾನು ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಕೌಂಟ್ ಬರೆಯುತ್ತಿದ್ದೆ. 14,000. 18,000. 11,000. 16,000. ಮೂರನೇ ತಿಂಗಳ ಕೊನೆಗೆ ಕೈಚೆಲ್ಲಿದ್ದೆ. ಡಾಕ್ಟರು "ಇನ್ನು ಆರು ವಾರ ಕೊಡಿ" ಅಂದರು. 17ನೇ ವಾರ 62,000 ಬಂತು. ಆ ಪುಟದಲ್ಲಿ ಸಂಖ್ಯೆಯ ಸುತ್ತ ನಾನು ಹಾಕಿದ ಗೆರೆ ಪೇಪರ್ ಹರಿಯುವಷ್ಟು ಒತ್ತಿ ಬಿದ್ದಿದೆ. ಎಲ್ಲರಿಗೂ ಹೀಗೆ ಆಗುವುದಿಲ್ಲ. 10 ಜನರಲ್ಲಿ 3ರಿಂದ 6 ಜನರಿಗೆ ಹತ್ತುತ್ತದೆ ಅನ್ನುವುದು ತಜ್ಞರು ಕೊಡುವ ಲೆಕ್ಕ. ಬೇಗ ಬಿಟ್ಟುಬಿಡುವುದರಿಂದಲೇ ಅನೇಕರಿಗೆ "ಹತ್ತಲಿಲ್ಲ" ಅಂತ ಆಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ಇದರ ನಿಜವಾದ ಅಪಾಯ ಬಿಳಿ ರಕ್ತಕಣ ಕುಸಿಯುವುದು. ನಮ್ಮ ದೇಹ ಈ ಔಷಧವನ್ನು ಕರಗಿಸಲು ಕೆಲವು ಕಿಣ್ವಗಳನ್ನು (ಎನ್‌ಜೈಮ್) ಬಳಸುತ್ತದೆ. ಟಿಪಿಎಂಟಿ ಒಂದು, ಎನ್‌ಯುಡಿಟಿ15 ಇನ್ನೊಂದು. ಹುಟ್ಟಿನಿಂದಲೇ ಈ ಕಿಣ್ವ ದುರ್ಬಲವಾಗಿದ್ದರೆ ಮಾಮೂಲಿ ಡೋಸೇ ವಿಷವಾಗುತ್ತದೆ. ಯುರೋಪಿನವರಲ್ಲಿ ಟಿಪಿಎಂಟಿಯ ತೊಂದರೆ ಜಾಸ್ತಿ. ನಮ್ಮಂಥ ಏಷ್ಯಾದವರಲ್ಲಿ ಎನ್‌ಯುಡಿಟಿ15 ಕಡೆಗೇ ಹೆಚ್ಚು ಗಮನ ಇರಬೇಕು. ಹಾಗಾಗಿ ಪರೀಕ್ಷೆ ಮಾಡಿಸುವುದಾದರೆ ಎರಡೂ ಇವೆಯಾ ಅಂತ ಕೇಳಿ. ಒಂದು ಸಲ ಮಾಡಿಸಿದರೆ ಜೀವನಪೂರ್ತಿ ಸಾಕು, ಜೀನ್ ಬದಲಾಗುವುದಿಲ್ಲ. ನನ್ನ ಜೊತೆಗೇ ಶುರು ಮಾಡಿದ ಒಬ್ಬ ಹುಡುಗಿಗೆ ಮೂರನೇ ವಾರ ಬಾಚಣಿಗೆಯಲ್ಲಿ ಕೂದಲು ಮುಷ್ಟಿಗಟ್ಟಲೆ ಬಂತು. ಬಿಳಿ ಕಣ 1,900ಕ್ಕೆ ಇಳಿದಿತ್ತು. ಹೀಗೆ ಏಕಾಏಕಿ ಕೂದಲು ಉದುರಿದರೆ ಶಾಂಪೂ ಬದಲಾಯಿಸುತ್ತಾ ಕೂರಬೇಡಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ.

ಈ ಕಾರಣಕ್ಕೇ ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ, ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಜೊತೆಗೆ ಲಿವರ್ ಪರೀಕ್ಷೆ. ಗೌಟ್ ಅನ್ನುವ ಕೀಲುನೋವಿಗೆ ಕೊಡುವ ಅಲೋಪ್ಯೂರಿನಾಲ್ ಅಥವಾ ಫೆಬುಕ್ಸೋಸ್ಟಾಟ್ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಅವು ಅಜಥಯೋಪ್ರಿನ್ ಜೊತೆ ಸೇರಿದರೆ ಬಿಳಿ ಕಣ ಅಪಾಯದ ಮಟ್ಟಕ್ಕೆ ಬೀಳುತ್ತದೆ. ಮನೆಯಲ್ಲಿ ಅಪ್ಪನಿಗೆ ಹೃದಯದವರು ಒಂದು ಔಷಧ, ಮೂಳೆಯವರು ಒಂದು ಔಷಧ ಬರೆದುಕೊಟ್ಟಿರುತ್ತಾರೆ. ಎಲ್ಲ ಚೀಟಿ ಒಂದೇ ಕವರಿನಲ್ಲಿ ಇರಲಿ.

ವರ್ಷಗಟ್ಟಲೆ ತಗೊಂಡರೆ ಚರ್ಮದ ಕ್ಯಾನ್ಸರ್, ಲಿಂಫೋಮಾ ಅನ್ನುವ ಇನ್ನೊಂದು ಕ್ಯಾನ್ಸರಿನ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ಹೊಲದಲ್ಲಿ ಕೆಲಸ ಮಾಡುವವರು ತೋಳು ಮುಚ್ಚುವ ಅಂಗಿ, ತಲೆಗೆ ಟವೆಲ್ಲು ಬಿಡಬೇಡಿ.

ಇದರ ದೊಡ್ಡ ಗುಣ ಒಂದಿದೆ. ಬಸುರಿನಲ್ಲೂ ಇದನ್ನು ಮುಂದುವರಿಸುವ ಅನುಭವ ಡಾಕ್ಟರುಗಳಿಗೆ ಬೇಕಾದಷ್ಟಿದೆ. ಕಿಡ್ನಿ ಕಸಿ ಆದವರು, ಲೂಪಸ್ ಇದ್ದವರು ಇದನ್ನು ತಗೊಂಡೇ ತಾಯಂದಿರಾಗಿದ್ದಾರೆ. ನನ್ನ ಮಗಳು ಹುಟ್ಟಿದಾಗ ನಾನೂ ಇದನ್ನೇ ನುಂಗುತ್ತಿದ್ದೆ.

ಮೈಕೋಫಿನೊಲೇಟ್: ಸ್ವಲ್ಪ ಚುರುಕು, ಒಂದು ಬಾಗಿಲು ಮುಚ್ಚುತ್ತದೆ

ಇದು ಸಾಮಾನ್ಯವಾಗಿ 4ರಿಂದ 8 ವಾರದಲ್ಲಿ ಕೆಲಸ ಶುರು ಮಾಡುತ್ತದೆ. 500 ಮಿಲಿಗ್ರಾಂ ದಿನಕ್ಕೆರಡು ಸಲ ಅಂತ ಶುರುವಾಗಿ 1 ಗ್ರಾಂ ದಿನಕ್ಕೆರಡು ಸಲ ತನಕ ಏರಿಸುತ್ತಾರೆ. ಬೆಲೆ ಅಜಥಯೋಪ್ರಿನ್‌ಗಿಂತ ಜಾಸ್ತಿ, ಪೂರ್ತಿ ಡೋಸ್‌ಗೆ ಹೋದರೆ ತಿಂಗಳಿಗೆ ಸಾವಿರಗಳ ಲೆಕ್ಕ. ಹೊಟ್ಟೆ ಕೆಡುವುದು ಮುಖ್ಯ ತೊಂದರೆ. ನಿಧಾನವಾಗಿ ಡೋಸ್ ಏರಿಸಿದರೆ ಬಹಳ ಜನರಿಗೆ ಒಗ್ಗುತ್ತದೆ.

ಬ್ರಿಟನ್ನಿನಲ್ಲಿ 120 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಶುರುವಿನಲ್ಲೇ ಸ್ಟೆರಾಯ್ಡ್ ಜೊತೆ ಮೈಕೋಫಿನೊಲೇಟ್ ಕೊಟ್ಟವರಲ್ಲಿ ಚಿಕಿತ್ಸೆ ವಿಫಲವಾದದ್ದು 22%. ಬರೀ ಸ್ಟೆರಾಯ್ಡ್ ಕೊಟ್ಟವರಲ್ಲಿ 44%. ಇದು ಒಳ್ಳೆ ಸುದ್ದಿ. ಆದರೆ ಅದೇ ಅಧ್ಯಯನದಲ್ಲಿ ಮೈಕೋಫಿನೊಲೇಟ್ ತಗೊಂಡವರು ಸುಸ್ತು ಜಾಸ್ತಿ, ಕೆಲಸ ಮಾಡಲು ಆಗುತ್ತಿಲ್ಲ ಅಂತಲೂ ಹೇಳಿದರು. ಕೌಂಟ್ ಏರಿಯೂ ಮೈ ಭಾರ ಅನ್ನಿಸುವುದು ಸುಳ್ಳಲ್ಲ. ನಿಮ್ಮ ಕೆಲಸ ದಿನವಿಡೀ ನಿಂತು ಮಾಡುವಂಥದ್ದಾದರೆ ಇದನ್ನು ಲೆಕ್ಕಕ್ಕೆ ತಗೊಳ್ಳಿ.

ಮುಚ್ಚುವ ಬಾಗಿಲು ಯಾವುದು ಅಂದರೆ ಬಸುರು. ಮೈಕೋಫಿನೊಲೇಟ್ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ, ಗರ್ಭಪಾತವೂ ಆಗಬಹುದು. ಶುರು ಮಾಡುವ ಮುಂಚೆ ಬಸುರಿಲ್ಲ ಅಂತ ಖಾತ್ರಿ ಆಗಬೇಕು. ತಗೊಳ್ಳುವಷ್ಟು ದಿನ ಭದ್ರವಾದ ಗರ್ಭನಿರೋಧಕ ಬೇಕು. ನಿಲ್ಲಿಸಿದ ಮೇಲೂ ಕನಿಷ್ಠ 6 ವಾರ ಕಾಯಬೇಕು. ಹೊಸದಾಗಿ ಮದುವೆಯಾದವರಿಗೆ ಅತ್ತೆ ಮನೆಯಲ್ಲಿ ಇದನ್ನು ಹೇಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಗಂಡನನ್ನು ಒಂದು ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅವರ ಬಾಯಿಂದಲೇ ಹೇಳಿಸಿ.

ಸೈಕ್ಲೋಸ್ಪೊರಿನ್

ಐಟಿಪಿಯಲ್ಲಿ ಇದು ಮುಂಚೂಣಿಯ ಆಯ್ಕೆ ಅಲ್ಲ. ಬಿಪಿ ಏರಿಸುತ್ತದೆ, ಕಿಡ್ನಿಗೆ ಭಾರ, ವಸಡು ಊದುತ್ತದೆ, ಮೈಮೇಲೆ ಕೂದಲು ಬೆಳೆಯುತ್ತದೆ. ಬಿಪಿ, ಕಿಡ್ನಿ ತೊಂದರೆ ಈಗಾಗಲೇ ಇದ್ದವರು ಬೇರೆ ದಾರಿ ಇದೆಯಾ ಅಂತ ಕೇಳಿ. ತಗೊಳ್ಳಲೇಬೇಕಾದರೆ ಒಂದು ನೆನಪಿಡಿ: ಚಕ್ಕೋತ ಹಣ್ಣು ಬೇಡ. ದೇವನಹಳ್ಳಿಯ ಚಕ್ಕೋತ ಎಷ್ಟೇ ಇಷ್ಟ ಇದ್ದರೂ ಸರಿ, ಅದು ರಕ್ತದಲ್ಲಿ ಈ ಔಷಧದ ಪ್ರಮಾಣವನ್ನು ಏರಿಸಿಬಿಡುತ್ತದೆ.

ಡ್ಯಾಪ್ಸೋನ್: ಕಡಿಮೆ ದುಡ್ಡಿನಲ್ಲಿ

ಕುಷ್ಠರೋಗಕ್ಕೆ ಕೊಡುವ ಮಾತ್ರೆ ಇದು. ಹೆಸರು ಕೇಳಿ ಮೆಡಿಕಲ್ ಶಾಪಿನಲ್ಲಿ ಯಾರಾದರೂ ವಿಚಿತ್ರವಾಗಿ ನೋಡಿದರೆ ಬೇಜಾರು ಮಾಡಿಕೊಳ್ಳಬೇಡಿ. ಕಟ್ಟುನಿಟ್ಟಾಗಿ ಹೇಳಿದರೆ ಇದು ಮೇಲಿನವುಗಳ ಹಾಗೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದಿಲ್ಲ. ಹಾಗಾಗಿ ಸೋಂಕಿನ ಭಯ ಕಡಿಮೆ. ಮೂರ್ನಾಲ್ಕು ವಾರದಲ್ಲಿ ಫಲ ಕಾಣಬಹುದು. ನಮ್ಮ ದೇಶದ ಡಾಕ್ಟರುಗಳಿಗೆ ಇದರ ಬಳಕೆ ಚೆನ್ನಾಗಿ ಗೊತ್ತು. ಬೆಲೆ ಈ ಪಟ್ಟಿಯಲ್ಲೇ ಅತಿ ಕಡಿಮೆ.

ಮುಂಚೆ ಜಿ6ಪಿಡಿ ಅನ್ನುವ ಕಿಣ್ವದ ಪರೀಕ್ಷೆ ಆಗಲೇಬೇಕು. ಆ ಕಿಣ್ವ ಕೊರತೆ ಇದ್ದವರಲ್ಲಿ ಡ್ಯಾಪ್ಸೋನ್ ಕೆಂಪು ರಕ್ತಕಣಗಳನ್ನು ಒಡೆದುಹಾಕುತ್ತದೆ. ಕೊರತೆ ಇಲ್ಲದವರಲ್ಲೂ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುತ್ತದೆ. ಮೊದಲೇ ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ವಿಷಯ. ಮೊದಲ ಒಂದೂವರೆ ತಿಂಗಳಲ್ಲಿ ಜ್ವರ, ಮೈಯೆಲ್ಲ ದದ್ದು, ಕಣ್ಣು ಹಳದಿ ಕಾಣಿಸಿದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆ ಇದ್ದವರು ಇನ್ನೊಂದು ತಿಳಿದಿರಿ. ಡ್ಯಾಪ್ಸೋನ್ ತಗೊಳ್ಳುವಾಗ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಸುಳ್ಳು ಹೇಳುತ್ತದೆ, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಬೆರಳು ಚುಚ್ಚಿ ನೋಡುವ ಸಕ್ಕರೆಯನ್ನೇ ನಂಬಿ.

ರಿಟುಕ್ಸಿಮ್ಯಾಬ್: ನಾಲ್ಕು ಡ್ರಿಪ್, ಆಮೇಲೆ ಬಿಡುವು

ಇದು ಮಾತ್ರೆ ಅಲ್ಲ, ಡ್ರಿಪ್. ಪ್ಲೇಟ್‌ಲೆಟ್ ವಿರುದ್ಧ ಪ್ರತಿಕಾಯ ತಯಾರಿಸುವ ದಾರಿಯಲ್ಲಿರುವ ಬಿ ಕಣ ಅನ್ನುವ ಬಿಳಿ ರಕ್ತಕಣಗಳನ್ನೇ ಇದು ತೆಗೆದುಹಾಕುತ್ತದೆ. ವಾರಕ್ಕೊಂದರಂತೆ ನಾಲ್ಕು ವಾರ. ಮೊದಲ ದಿನ ನಿಧಾನವಾಗಿ ಹಾಕುತ್ತಾರೆ, ಬೆಳಿಗ್ಗೆ ಹೋದರೆ ಸಂಜೆ ಆಗುತ್ತದೆ. ಚಳಿ, ನಡುಕ, ಜ್ವರ ಬರಬಹುದು ಅಂತ ಮುಂಚೆಯೇ ಇಂಜೆಕ್ಷನ್ ಕೊಟ್ಟಿರುತ್ತಾರೆ. ತೆಳು ಹೊದಿಕೆ ಒಂದು ತಗೊಂಡು ಹೋಗಿ.

ಸುಮಾರು 10ರಲ್ಲಿ 6 ಜನರಿಗೆ ಕೌಂಟ್ ಏರುತ್ತದೆ, ಹೆಚ್ಚಾಗಿ ಒಂದೆರಡು ತಿಂಗಳೊಳಗೆ. ಐದು ವರ್ಷ ಆದ ಮೇಲೂ ಹಾಗೇ ನಿಂತಿರುವುದು 10ರಲ್ಲಿ ಇಬ್ಬರಲ್ಲಿ, ಹೆಚ್ಚೆಂದರೆ ಎರಡೂವರೆ ಅನ್ನಿ. ಇದನ್ನು ಮೊದಲೇ ತಿಳಿದುಕೊಂಡು ಹೋಗಿ. "ಇದೊಂದು ಹಾಕಿಸಿದರೆ ಕಾಯಿಲೆ ಮುಗೀತು" ಅಂತ ಒಡವೆ ಅಡ ಇಟ್ಟು ಹಾಕಿಸಿಕೊಂಡು, ಎರಡು ವರ್ಷಕ್ಕೆ ಕೌಂಟ್ ಬಿದ್ದಾಗ ಕುಸಿದು ಕೂತವರನ್ನು ನೋಡಿದ್ದೇನೆ. ಎರಡು ವರ್ಷದ ಬಿಡುವೂ ಸಣ್ಣದಲ್ಲ. ಒಂದು ಸಲ ಹತ್ತಿದವರಿಗೆ ಮರಳಿ ಕೊಟ್ಟರೆ ಎಷ್ಟೋ ಸಲ ಮತ್ತೆ ಹತ್ತುತ್ತದೆ. ಕಾಯಿಲೆ ಬಂದು ಹೆಚ್ಚು ಕಾಲ ಆಗಿರದ ಎಳೆ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಫಲ ಹೆಚ್ಚು ಕಾಲ ನಿಲ್ಲುತ್ತದೆ ಅಂತಲೂ ಕಂಡುಬಂದಿದೆ.

ದುಡ್ಡಿನ ವಿಷಯ. 2007ರಲ್ಲಿ ಡಾ. ರೆಡ್ಡೀಸ್ ಕಂಪನಿ ಭಾರತದಲ್ಲೇ ತಯಾರಿಸಿದ ರಿಟುಕ್ಸಿಮ್ಯಾಬ್ ತಂದಿತು. ಈಗ ಇನ್ನೂ ಹಲವು ಕಂಪನಿಗಳದ್ದು ಇದೆ. ಆದರೂ ಪೂರ್ತಿ ಡೋಸ್ ನಾಲ್ಕು ಸಲ ಅಂದರೆ ದೊಡ್ಡ ಮೊತ್ತವೇ. ವಾರಕ್ಕೆ 100 ಮಿಲಿಗ್ರಾಂನಂತೆ ಕಡಿಮೆ ಡೋಸ್ ಕೊಡುವ ಪದ್ಧತಿಯೂ ಇದೆ, ಖರ್ಚು ಬಹಳ ಇಳಿಯುತ್ತದೆ. "ನನಗೆ ಕಡಿಮೆ ಡೋಸ್ ಸಾಕಾಗುತ್ತದಾ?" ಅಂತ ಕೇಳಲು ಸಂಕೋಚ ಬೇಡ. ವಿಮೆ ಇದ್ದವರು ಗಮನಿಸಿ: ಹೊರರೋಗಿಯಾಗಿ ಕೊಳ್ಳುವ ಮಾತ್ರೆಗೆ ಹೆಚ್ಚಿನ ವಿಮೆಗಳು ದುಡ್ಡು ಕೊಡುವುದಿಲ್ಲ, ದಾಖಲಾಗಿ ಹಾಕಿಸಿಕೊಳ್ಳುವ ಡ್ರಿಪ್‌ಗೆ ಕ್ಲೇಮ್ ಸಿಗುವ ಸಾಧ್ಯತೆ ಇರುತ್ತದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿಯೇ ಮುಂದುವರಿಯಿರಿ.

ಹೆಪಟೈಟಿಸ್ ಬಿ ಪರೀಕ್ಷೆ ಇಲ್ಲಿ ಕಡ್ಡಾಯ. ಮಾಮೂಲಿ ಎಚ್‌ಬಿಎಸ್‌ಎಜಿ ಪರೀಕ್ಷೆ ಒಂದೇ ಸಾಲದು, ಹಿಂದೆ ಎಂದೋ ಬಂದು ಹೋಗಿದೆಯಾ ಅಂತ ಹೇಳುವ ಆಂಟಿ-ಎಚ್‌ಬಿಸಿ ಪರೀಕ್ಷೆಯೂ ಬೇಕು. ಲಿವರಿನಲ್ಲಿ ಮಲಗಿದ್ದ ವೈರಸ್ಸನ್ನು ರಿಟುಕ್ಸಿಮ್ಯಾಬ್ ಎಬ್ಬಿಸಬಹುದು. ಡ್ರಿಪ್ ಆದ ಮೇಲೆ ಕನಿಷ್ಠ ಆರು ತಿಂಗಳು ಲಸಿಕೆ ಸರಿಯಾಗಿ ಹತ್ತುವುದಿಲ್ಲ, ಹಾಗಾಗಿ ಲಸಿಕೆಗಳು ಕನಿಷ್ಠ ಒಂದು ತಿಂಗಳು ಮುಂಚೆ ಮುಗಿದಿರಲಿ. ಮಗುವಿನ ಯೋಚನೆ ಇದ್ದರೆ ಕೊನೆಯ ಡ್ರಿಪ್ ಆಗಿ ಒಂದು ವರ್ಷ ಕಾಯಿರಿ ಅನ್ನುತ್ತಾರೆ.

ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಅಲ್ಲದ ದಾರಿಗಳು

ಚೀಟಿಯಲ್ಲಿ ಎಲ್ಟ್ರೊಂಬೊಪಾಗ್ ಅಥವಾ ರೊಮಿಪ್ಲೋಸ್ಟಿಮ್ ಅಂತ ಇದ್ದರೆ ಅವು ಬೇರೆ ಜಾತಿಯವು. ನಾಶವಾಗುವುದನ್ನು ತಡೆಯುವ ಬದಲು ಮೂಳೆಮಜ್ಜೆಯಲ್ಲಿ ಹೆಚ್ಚು ಪ್ಲೇಟ್‌ಲೆಟ್ ತಯಾರಾಗುವಂತೆ ಮಾಡುತ್ತವೆ. ಎರಡಕ್ಕೂ ಅಮೆರಿಕದಲ್ಲಿ 2008ರಲ್ಲಿ ಅನುಮತಿ ಸಿಕ್ಕಿತು. ಒಂದೆರಡು ವಾರದಲ್ಲೇ ಕೌಂಟ್ ಏರುತ್ತದೆ, ಹೆಚ್ಚಿನವರಿಗೆ ಹತ್ತುತ್ತದೆ. ಸೋಂಕಿನ ಭಯ ಇಲ್ಲ. ಆದರೆ ನಿಲ್ಲಿಸಿದರೆ ಬಹಳ ಜನರಿಗೆ ಕೌಂಟ್ ಥಟ್ಟನೆ ಬೀಳುತ್ತದೆ. ದುಡ್ಡಿಲ್ಲ ಅಂತ ನಡುವೆ ನಾಲ್ಕು ದಿನ ಬಿಡುವುದು ಅಪಾಯ. ರಕ್ತ ಹೆಪ್ಪುಗಟ್ಟುವ ಸಾಧ್ಯತೆಯೂ ಸ್ವಲ್ಪ ಹೆಚ್ಚುತ್ತದೆ. ಹಿಂದೆ ಕಾಲಿನಲ್ಲಿ, ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದ್ದರೆ ಮುಚ್ಚಿಡಬೇಡಿ. ಎಲ್ಟ್ರೊಂಬೊಪಾಗ್‌ನ ಭಾರತೀಯ ಜೆನೆರಿಕ್ ಈಗ ಸಿಗುತ್ತದೆ, ಮೊದಲಿನಷ್ಟು ಕೈಗೆಟುಕದ ಮಾತಲ್ಲ.

ಎಲ್ಟ್ರೊಂಬೊಪಾಗ್‌ಗೂ ನಮ್ಮ ಊಟಕ್ಕೂ ಒಂದು ಜಗಳ ಇದೆ. ಕ್ಯಾಲ್ಸಿಯಂ ಸಿಕ್ಕರೆ ಅದು ಅಂಟಿಕೊಂಡು ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತದೆ. ಹಾಲು, ಮೊಸರು ಅಂತ ಎಲ್ಲರೂ ಹೇಳುತ್ತಾರೆ. ರಾಗಿಯನ್ನು ಯಾರೂ ಹೇಳುವುದಿಲ್ಲ. ನಮ್ಮ ಕಡೆ ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ಮುದ್ದೆ, ರಾತ್ರಿ ಮಜ್ಜಿಗೆ. ಇವುಗಳಿಗೆ 2 ಗಂಟೆ ಮುಂಚೆ ಅಥವಾ 4 ಗಂಟೆ ಆದ ಮೇಲೆ ಮಾತ್ರೆ ತಗೊಳ್ಳಬೇಕು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಆಸಿಡಿಟಿಗೆ ಕುಡಿಯುವ ಟಾನಿಕ್ಕಿಗೂ ಇದೇ ನಿಯಮ. ರಾತ್ರಿ 8ಕ್ಕೆ ಊಟ ಮುಗಿಸುವವರು ನಡುರಾತ್ರಿ ಎದ್ದು ನುಂಗುವುದಕ್ಕಿಂತ, ಬೆಳಿಗ್ಗೆ 5.30ಕ್ಕೆ ಎದ್ದ ತಕ್ಷಣ ನೀರಿನ ಜೊತೆ ತಗೊಂಡು 7.30ರ ನಂತರ ಕಾಫಿ ಕುಡಿಯುವುದು ಸುಲಭ.

ಗುಲ್ಮ ತೆಗೆಸುವ ಆಪರೇಷನ್ ಹಳೆಯದಾದರೂ ಇವತ್ತಿಗೂ ದೀರ್ಘಕಾಲ ಫಲ ಕೊಡುವುದರಲ್ಲಿ ಮುಂದಿದೆ. ಸುಮಾರು ಮೂರರಲ್ಲಿ ಇಬ್ಬರಿಗೆ ವರ್ಷಗಟ್ಟಲೆ ಕೌಂಟ್ ನಿಲ್ಲುತ್ತದೆ. ಕಾಯಿಲೆ ತಾನಾಗಿಯೇ ಹೋಗುವ ಸಾಧ್ಯತೆ ಇರುವುದರಿಂದ ಮೊದಲ ಒಂದು ವರ್ಷ ಕಾಯಿರಿ ಅನ್ನುತ್ತಾರೆ. ಎರಡು ವಾರ ಮುಂಚೆ ಲಸಿಕೆಗಳು ಆಗಿರಬೇಕು. ಆಮೇಲೆ ಜೀವನಪೂರ್ತಿ ಜ್ವರಕ್ಕೆ ಹೆದರಬೇಕು. ಗುಲ್ಮ ಇಲ್ಲದವರಿಗೆ ಮಲೇರಿಯಾ ಕೂಡ ಜೋರಾಗಿ ಬರುತ್ತದೆ, ಹಾಗಾಗಿ ಮಂಗಳೂರು, ಉಡುಪಿ ಕಡೆಯವರು ಇದನ್ನು ಡಾಕ್ಟರ ಹತ್ತಿರ ವಿಶೇಷವಾಗಿ ಮಾತಾಡಿ.

ಹಾಗಾದರೆ ಯಾರಿಗೆ ಯಾವುದು

ಒಂದೆರಡು ವರ್ಷದಲ್ಲಿ ಮಗು ಬೇಕು ಅನ್ನುವವರಿಗೆ ನಾನಾದರೆ ಅಜಥಯೋಪ್ರಿನ್ ಬಗ್ಗೆ ಮೊದಲು ಕೇಳುತ್ತೇನೆ. ಮೈಕೋಫಿನೊಲೇಟ್ ಬದಿಗಿಡುತ್ತೇನೆ. ವರ್ಷ ಕಾಯಲು ಸಾಧ್ಯವಿದ್ದು ದುಡ್ಡಿನ ಅನುಕೂಲ ಇದ್ದರೆ ರಿಟುಕ್ಸಿಮ್ಯಾಬ್ ಮುಗಿಸಿಕೊಂಡು ಆಮೇಲೆ ಮಗುವಿಗೆ ಯೋಚಿಸುವುದೂ ಒಂದು ದಾರಿ.

ಊರಿನಿಂದ ಲ್ಯಾಬಿಗೆ ಎರಡು ಬಸ್ಸು ಬದಲಾಯಿಸಬೇಕು, ದಿನಗೂಲಿ ಹೋಗುತ್ತದೆ ಅನ್ನುವವರಿಗೆ ಅಜಥಯೋಪ್ರಿನ್‌ನ ಮೊದಲ ಮೂರು ತಿಂಗಳು ಕಷ್ಟ. ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತ ಪರೀಕ್ಷೆ ಮಾಡಿಸಿ ವರದಿಯನ್ನು ಫೋನಿನಲ್ಲಿ ಕಳಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಬಹಳಷ್ಟು ಜನ ಒಪ್ಪುತ್ತಾರೆ. ಆಗುವುದೇ ಇಲ್ಲ ಅಂದರೆ, ಜಿ6ಪಿಡಿ ಸರಿ ಇದ್ದು ಹಿಮೋಗ್ಲೋಬಿನ್ ಚೆನ್ನಾಗಿದ್ದರೆ, ಡ್ಯಾಪ್ಸೋನ್ ಮಾತಾಡಲು ಯೋಗ್ಯ. ಅದಕ್ಕೂ ಪರೀಕ್ಷೆ ಬೇಕು, ಆದರೆ ಇಷ್ಟೊಂದಲ್ಲ.

65 ದಾಟಿದ, ಸಕ್ಕರೆ ಕಾಯಿಲೆ ಇರುವ, ಪದೇ ಪದೇ ಕೆಮ್ಮು ಕಫ ಬರುವ ಅಪ್ಪ ಅಮ್ಮಂದಿರಿಗೆ ನಿರೋಧಕ ಶಕ್ತಿ ಕುಗ್ಗಿಸುವುದಕ್ಕಿಂತ ಎಲ್ಟ್ರೊಂಬೊಪಾಗ್ ಕಡೆ ನನ್ನ ಮನಸ್ಸು ಹೋಗುತ್ತದೆ, ಹೆಪ್ಪುಗಟ್ಟುವ ತೊಂದರೆ ಇಲ್ಲದಿದ್ದರೆ. ಕೌಂಟ್ 8,000 ಇದ್ದು ಬಾಯೊಳಗೆ ರಕ್ತದ ಗುಳ್ಳೆ ಎದ್ದಿದ್ದರೆ ಮೇಲಿನ ಯಾವ ಮಾತೂ ಆ ಹೊತ್ತಿಗೆ ಅನ್ವಯಿಸುವುದಿಲ್ಲ. ಅದು ತುರ್ತು ಸ್ಥಿತಿ. ದಾಖಲಾಗಿ ಸ್ಟೆರಾಯ್ಡ್, ಇಮ್ಯುನೊಗ್ಲೊಬುಲಿನ್ ಅನ್ನುವ ಪ್ರತಿಕಾಯಗಳ ಡ್ರಿಪ್ ತಗೊಂಡು ದಾಟಬೇಕು. ಅಜಥಯೋಪ್ರಿನ್ ಆ ರಾತ್ರಿ ಕಾಪಾಡುವುದಿಲ್ಲ.

ಜೊತೆಗೆ ಬೇಡವಾದದ್ದು

ನನ್ನ ಅತ್ತೆ ಪ್ರೀತಿಯಿಂದ ಪರಂಗಿ ಎಲೆ ರಸ ಅರೆದುಕೊಡುತ್ತಿದ್ದರು. ಡೆಂಗ್ಯೂ ಬಂದಾಗ ಎಲ್ಲರೂ ಕುಡಿಯುತ್ತಾರಲ್ಲ, ಹಾಗೆ. ಡೆಂಗ್ಯೂ ಬೇರೆ, ಐಟಿಪಿ ಬೇರೆ. ಅಲ್ಲಿ ಜ್ವರ ಹೋದ ಮೇಲೆ ಕೌಂಟ್ ತಾನಾಗಿಯೇ ಏರುತ್ತದೆ. ನಮ್ಮಲ್ಲಿ ಆ ರಸ ಕೆಲಸ ಮಾಡುತ್ತದೆ ಅನ್ನಲು ಪುರಾವೆ ಇಲ್ಲ. ಅಮೃತಬಳ್ಳಿ ಕಷಾಯದ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಅದನ್ನು ಕುಡಿಯುವುದೇ ನಿರೋಧಕ ಶಕ್ತಿ ಹೆಚ್ಚಲಿ ಅಂತ, ನಾವು ಔಷಧ ನುಂಗುವುದು ಅದು ತಗ್ಗಲಿ ಅಂತ. ಕೋವಿಡ್ ಕಾಲದಲ್ಲಿ ಇದನ್ನು ಕುಡಿದವರಲ್ಲಿ ಲಿವರ್ ಕೆಟ್ಟದ್ದನ್ನು ನಮ್ಮ ದೇಶದ ಡಾಕ್ಟರುಗಳು ವರದಿ ಮಾಡಿದ್ದಾರೆ. ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ, ಪ್ಯಾರಾಸಿಟಮಾಲ್ ಸಾಕು.

ಹೋಗುವ ದಿನ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಈವರೆಗಿನ ಕೌಂಟ್‌ಗಳು, ಆ ದಿನದ ಸ್ಟೆರಾಯ್ಡ್ ಡೋಸ್, ರಕ್ತಸ್ರಾವ ಆಗಿತ್ತಾ ಇಲ್ಲವಾ, ತಗೊಳ್ಳುವ ಬೇರೆ ಎಲ್ಲ ಮಾತ್ರೆ, ಮಗುವಿನ ಯೋಚನೆ, ತಿಂಗಳಿಗೆ ಎಷ್ಟು ಖರ್ಚು ಮಾಡಬಲ್ಲಿರಿ. ಕೊನೆಯದನ್ನು ಹೇಳಲು ನಾಚಿಕೆ ಬೇಡ, ಅದು ಗೊತ್ತಿಲ್ಲದೆ ಯಾವ ಡಾಕ್ಟರೂ ಸರಿಯಾದ ಔಷಧ ಆರಿಸಲಾರರು. ಕೇಳಬೇಕಾದ ಪ್ರಶ್ನೆಗಳೂ ಮೂರಿವೆ. "ಇದು ಹತ್ತಿತೋ ಇಲ್ಲವೋ ಅಂತ ಎಷ್ಟು ವಾರಕ್ಕೆ ನಿರ್ಧಾರ ಮಾಡೋಣ?" "ಹತ್ತದಿದ್ದರೆ ಮುಂದಿನದ್ದು ಯಾವುದು?" "ರಾತ್ರಿ ಜ್ವರ 101 ಬಂದರೆ ನಾನು ಯಾರಿಗೆ ಫೋನ್ ಮಾಡಲಿ?" ಮೂರನೆಯದಕ್ಕೆ ಸಿಕ್ಕ ನಂಬರನ್ನು ಅಲ್ಲೇ ಕೂತು ಮೊಬೈಲಿಗೆ ಹಾಕಿಕೊಳ್ಳಿ, ಮನೆಯ ಇನ್ನೊಬ್ಬರ ಮೊಬೈಲಿಗೂ ಹಾಕಿಸಿ.